ಅಧಿಕಾರ ವಿಕೇಂದ್ರೀಕರಣ: ಸಂಶೋಧನೆಗಳು ರೈತರಿಗೆ ಹೇಳುವುದೇನು?

ಕಲಬುರಗಿಯ ಕಪ್ಪು ಭೂಮಿಗೂ ಕೋಲಾರದ ಕೆಂಪು ಭೂಮಿಗೂ ಒಂದೇ ಪ್ರಮಾಣದ ಗೊಬ್ಬರ ಹೊಂದುವುದಿಲ್ಲ. ಮಣ್ಣು ಪರೀಕ್ಷಿಸಿ, ಹೊಲಕ್ಕೆ ತಕ್ಕಂತೆ ಗೊಬ್ಬರ ಕೊಡುವುದೇ ಲೇಸೆಂಬುದನ್ನು ರೈತ ಬಾಂಧವರು ಬಲ್ಲರು. ಗ್ರಾಮದ ಕೆಲಸಗಳೂ ಹಾಗೆಯೇ. ಯಾವ ಕೆರೆಯ ಹೂಳನ್ನು ಮೊದಲು ತೆಗೆಯಬೇಕು, ಯಾವ ಹಳ್ಳಕ್ಕೆ ಒಡ್ಡು ಬೇಕು ಎಂಬುದು ರಾಜಧಾನಿಗಿಂತ ಊರಿನವರಿಗೆ ಚೆನ್ನಾಗಿ ತಿಳಿದಿರುತ್ತದೆ. ಇದನ್ನು ತೀರ್ಮಾನಿಸುವ ಅಧಿಕಾರವನ್ನು ಅವರ ಬಳಿಗೆ ತರುವುದೇ ವಿಕೇಂದ್ರೀಕರಣ.

ನಡೆದು ಬಂದ ದಾರಿ

ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ವರದಿ ನೀಡಿತು. ಕರ್ನಾಟಕವು 1983ರಲ್ಲಿ ಹೊಸ ಶಾಸನ ರೂಪಿಸಿ, 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತು. ಆಗಿನ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಶ್ರಮ ಇದರಲ್ಲಿ ದೊಡ್ಡದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ಮಣ್ಣು ಸಂರಕ್ಷಣೆ, ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿಯೂ ಅದರಲ್ಲಿವೆ.

ಸಂಶೋಧನೆಯ ಫಲಿತಾಂಶ

ಮೊದಮೊದಲು ವಿದ್ವಾಂಸರು ಕಾನೂನು, ಆಡಳಿತ ರಚನೆಗಳನ್ನು ಹೆಚ್ಚಾಗಿ ಪರಿಶೀಲಿಸುತ್ತಿದ್ದರು. ಬರಬರುತ್ತಾ ಹಳ್ಳಿಯಲ್ಲಿ ಆದ ಬದಲಾವಣೆಯನ್ನೇ ಅಳೆಯತೊಡಗಿದರು.

1. ಕ್ರುಕ್ ಮತ್ತು ಮ್ಯಾನರ್ ಅವರು 1987ರ ನಂತರದ ಕರ್ನಾಟಕವನ್ನು ಅಭ್ಯಸಿಸಿ 1998ರಲ್ಲಿ ಗ್ರಂಥ ಪ್ರಕಟಿಸಿದರು. ನೌಕರರ ಗೈರುಹಾಜರಿ ತಗ್ಗಿತ್ತು. ಹಳ್ಳಿಯ ಸುದ್ದಿ ಮೇಲಿನವರಿಗೆ ಬೇಗ ತಲುಪುತ್ತಿತ್ತು. ಆದರೆ ಕಡುಬಡವರಿಗೆ ದೊರೆತ ಲಾಭ ಕಡಿಮೆ.

2. ಚಟ್ಟೋಪಾಧ್ಯಾಯ ಮತ್ತು ಡುಫ್ಲೋ ಅವರ 2004ರ ಅಧ್ಯಯನ ನಮ್ಮ ಕ್ಷೇತ್ರ ಪ್ರಯೋಗಗಳನ್ನು ಹೋಲುತ್ತದೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳನ್ನು ಮೀಸಲಾಗದವುಗಳೊಡನೆ, ಪ್ರಯೋಗದ ತಾಕನ್ನು ಹೋಲಿಕೆಯ ತಾಕಿನೊಡನೆ ನೋಡುವಂತೆ, ತಾಳೆ ನೋಡಿದರು. ಪಶ್ಚಿಮ ಬಂಗಾಳ, ರಾಜಸ್ಥಾನ ಎರಡರಲ್ಲೂ ಮೀಸಲು ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಗಮನ ಕೊಟ್ಟಿದ್ದವು.

3. ಬೆಸ್ಲೆ, ಪಾಂಡೆ ಮತ್ತು ರಾವ್ ಅವರು 2005ರಲ್ಲಿ ದಕ್ಷಿಣದ ನಾಲ್ಕು ರಾಜ್ಯಗಳ ಸಮೀಕ್ಷೆಯನ್ನು ಪ್ರಕಟಿಸಿದರು. ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಬಡತನ ರೇಖೆಯ ಕೆಳಗಿನವರ ಪಡಿತರ ಚೀಟಿಗಳು ಭೂರಹಿತರಿಗೆ, ಅನಕ್ಷರಸ್ಥರಿಗೆ ಹೆಚ್ಚಾಗಿ ತಲುಪಿದ್ದವು. ಸಭೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೂ ಸಂಬಂಧ ಸ್ಪಷ್ಟವಾಗಿದೆ.

ಕೊರತೆ ಎಲ್ಲಿದೆ?

ಸಾರಜನಕ, ರಂಜಕ ಎಷ್ಟೇ ಇದ್ದರೂ ಪೊಟ್ಯಾಷ್ ಕೊರತೆಯಾದರೆ ಇಳುವರಿ ಅಲ್ಲಿಗೇ ನಿಲ್ಲುತ್ತದೆ. ಪಂಚಾಯಿತಿಗೂ ಕಾರ್ಯ, ಹಣ, ಸಿಬ್ಬಂದಿ ಮೂರೂ ಬೇಕು. ಕೇರಳವು 1996ರಲ್ಲಿ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ನಿರ್ಧರಿಸಿದ್ದು ಹಣದ ಕೊರತೆ ನೀಗಿಸಲೆಂದೇ. ಕಾಲಕಾಲಕ್ಕೆ ಚುನಾವಣೆ ನಡೆಯುವುದೂ ಅಷ್ಟೇ ಅಗತ್ಯ. ದಾರಿ ತೋರಿದ ಕರ್ನಾಟಕದಲ್ಲೇ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಹೋದುದು ವಿಷಾದನೀಯ.

ರೈತರು ಗಮನಿಸಬೇಕಾದ ಅಂಶಗಳು

* ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದು ನಮ್ಮ ರಾಜ್ಯದ ಕಾನೂನು. ದಿನಾಂಕವನ್ನು ಮೊದಲೇ ತಿಳಿದುಕೊಳ್ಳಿ.
* ಕೆರೆ, ಒಡ್ಡು, ಹೊಲದ ದಾರಿಯ ಬೇಡಿಕೆಗಳನ್ನು ನೆರೆಹೊರೆಯವರೊಡನೆ ಚರ್ಚಿಸಿ, ಬರೆದು ಕೊಡಿ.
* ನಿರ್ಣಯ ಪುಸ್ತಕದಲ್ಲಿ ಅವು ದಾಖಲಾದುವೇ ನೋಡಿ. ಹಿಂದಿನ ಕೆಲಸಗಳ ಲೆಕ್ಕ ಕೇಳಿ.
* ಮಹಿಳೆಯರನ್ನೂ ಕೂಲಿಕಾರರನ್ನೂ ಸಭೆಗೆ ಕರೆತನ್ನಿ.

ವಿಸ್ತರಣಾ ಕಾರ್ಯಕರ್ತರು ಮಣ್ಣು ಮತ್ತು ನೀರಿನ ಮಾಹಿತಿಯನ್ನು ಸಭೆಗೆ ಮುನ್ನವೇ ಊರಿನವರಿಗೆ ಒದಗಿಸಿದರೆ ಚರ್ಚೆಗೆ ತೂಕ ಬರುತ್ತದೆ. ಬಿತ್ತನೆಯ ಹದ ತಪ್ಪಿದರೆ ಒಂದು ಬೆಳೆ ಹೋದೀತು. ಗ್ರಾಮಸಭೆ ತಪ್ಪಿಸಿದರೆ ನಮ್ಮ ಕೆರೆಯ ಸರದಿಯೇ ತಪ್ಪೀತು.