ನಮ್ಮ ರಾಗಿ ಹುಟ್ಟಿದ್ದು ಹೇಗೆ?



ಹನೂರು ಕಡೆಯ ಒಂದು ಸಂಘದ ಸಭೆಯಲ್ಲಿ ಬಿತ್ತನೆ ಬೀಜಕ್ಕೆ ಸಾಲ ಕೊಡುವ ಮಾತು ಬಂತು. ಆಗ ಸದಸ್ಯೆಯೊಬ್ಬರು ಕೇಳಿದರು: "ಸಿಸ್ಟರ್, ಹೈಬ್ರಿಡ್ ಅಂದ್ರೆ ಕಂಪನಿಯವರು ಮಾಡಿದ್ದು, ರಾಗಿ ದೇವರು ಕೊಟ್ಟದ್ದು, ಅಲ್ವಾ?" ಪ್ರಶ್ನೆ ಒಳ್ಳೆಯದೇ. ಆದರೆ ನಮ್ಮ ರಾಗಿಯೂ ಬೆರಕೆಯಿಂದಲೇ ಹುಟ್ಟಿದ ಬೆಳೆ!

ಬಹಳ ಹಿಂದೆ ಆಫ್ರಿಕಾದಲ್ಲಿ ಎರಡು ಕಾಡು ಹುಲ್ಲುಗಳು ತಾವಾಗಿಯೇ ಬೆರೆತವು. ಅವು ಒಂದೇ ಕುಲದ ಬೇರೆ ಬೇರೆ ಜಾತಿಗಳು. ಒಂದನ್ನು ನಾವು ಇಂದಿಗೂ ಹೊಲದಲ್ಲಿ ಕಳೆ ಎಂದು ಕೀಳುತ್ತೇವೆ. ರಾಗಿಯಂತೆಯೇ ಬೆರಳು ಬೆರಳಾಗಿ ತೆನೆ ಬಿಡುವ ಹುಲ್ಲು ಅದು. ಇನ್ನೊಂದು ಯಾವುದೆಂದು ವಿಜ್ಞಾನಿಗಳಿಗೆ ಸಿಕ್ಕಿಲ್ಲ. ಅದು ಅಳಿದೇ ಹೋಗಿರಬಹುದು.

ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಗೆ ಮರಿಯಾಗೋದಿಲ್ಲ. ಬೆರಕೆ ಗಿಡಗಳದ್ದೂ ಹೆಚ್ಚಾಗಿ ಇದೇ ಪಾಡು. ತಂದೆಯಿಂದ 9, ತಾಯಿಯಿಂದ 9 ವರ್ಣತಂತುಗಳು ಬಂದರೂ, ಒಂಟಿ ಓಲೆಗಳ ಹಾಗೆ ಒಂದಕ್ಕೊಂದು ಜೋಡಿಯಾಗುವುದಿಲ್ಲ. ಹಾಗಾಗಿ ಕಾಳು ಕಟ್ಟುವುದಿಲ್ಲ. ಆದರೆ ಪ್ರಕೃತಿಯಲ್ಲಿ ಅಪರೂಪಕ್ಕೆ ಈ 18 ಇಮ್ಮಡಿಯಾಗಿ 36 ಆಗುತ್ತವೆ. ಆಗ ಪ್ರತಿಯೊಂದಕ್ಕೂ ಜೋಡಿ ಸಿಗುತ್ತದೆ, ಬೀಜ ಕಟ್ಟುತ್ತದೆ, ಹೊಸದೊಂದು ಜಾತಿಯೇ ನಿಲ್ಲುತ್ತದೆ. ರಾಗಿಯಲ್ಲಿರುವುದು ಈ 36. ಆ ಕಾಡುರಾಗಿಯನ್ನು ಆಫ್ರಿಕಾದ ರೈತಾಪಿ ಜನ ಸುಮಾರು 5 ಸಾವಿರ ವರ್ಷಗಳ ಹಿಂದೆ ಆರಿಸಿ ಆರಿಸಿ ಬೆಳೆಯಾಗಿ ಮಾಡಿಕೊಂಡರು.

ನಮ್ಮ ಪಕ್ಕದ ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೆಸರಾಯಿತು. ಇಲ್ಲಿ ಬೆರೆತದ್ದು ಎರಡು ಜಾತಿಗಳಲ್ಲ, ಒಂದೇ ಜಾತಿಯ ಎರಡು ತಳಿಗಳು.

ಹಾಗಾದರೆ ಬೆರಕೆ ಎಂಬುದೇ ಕೆಟ್ಟದ್ದಲ್ಲ. ನಾವು ಕೇಳಬೇಕಾದದ್ದು, "ಈ ಬೀಜ ಎತ್ತಿಟ್ಟುಕೊಳ್ಳಬಹುದಾ?" ಎಂದು. ಹೈಬ್ರಿಡ್ ಮುಸುಕಿನ ಜೋಳದ ಕಾಳನ್ನು ಮತ್ತೆ ಬಿತ್ತಿದರೆ ಗಿಡ ಒಂದೊಂದು ತರ ಬರುತ್ತದೆ, ಇಳುವರಿ ಕುಗ್ಗುತ್ತದೆ. ವರ್ಷವೂ ಬೀಜಕ್ಕೆ ದುಡ್ಡು ಬೇಕು, ಅದಕ್ಕೆ ಸಾಲವೂ ಬೇಕು. ರಾಗಿ ಹೆಚ್ಚಾಗಿ ತನ್ನ ಹೂವಿನಲ್ಲೇ ಪರಾಗ ಕೂಡಿಸಿಕೊಳ್ಳುವ ಬೆಳೆ. ಇಂಡಾಫ್ ಆದರೂ ಸರಿ, ಅಜ್ಜಿ ಕಾಲದ ನಾಟಿ ರಾಗಿಯಾದರೂ ಸರಿ, ಬೀಜ ತಾಯಿಯಂತೆಯೇ ಬರುತ್ತದೆ.

ಆದ್ದರಿಂದ ಕೊಯ್ಲಿಗೆ ಮೊದಲೇ ರೋಗವಿಲ್ಲದ, ದಪ್ಪ ತೆನೆಗಳನ್ನು ಆರಿಸಿ, ಬೇರೆಯಾಗಿ ಬಡಿದು, ಚೆನ್ನಾಗಿ ಒಣಗಿಸಿ ಇಡೋಣ. ಬೀಜ ಕೈಯಲ್ಲಿದ್ದರೆ ಸಾಲದ ಒಂದು ಬಾಗಿಲು ಮುಚ್ಚಿದಂತೆ.

ಸಂಘದಲ್ಲಿ ಚರ್ಚಿಸಿರಿ:
1. ನಮ್ಮ ಊರಿನಲ್ಲಿ ಯಾವ ಯಾವ ರಾಗಿ ತಳಿಗಳು ಉಳಿದಿವೆ? ಯಾರ ಮನೆಯಲ್ಲಿ?
2. ಕಳೆದ ವರ್ಷ ಬೀಜಕ್ಕೆಂದೇ ಎಷ್ಟು ಸಾಲ ತೆಗೆದೆವು?
3. ಈ ಸುಗ್ಗಿಯಲ್ಲಿ ಸಂಘಕ್ಕೊಂದು ಬೀಜದ ಮಡಕೆ ಇಡಬಹುದೇ?