ಕೈಗೆಲಸವೂ ಕಸುಬುದಾರಿಕೆಯೂ

ಮನೆಯೆಂಬುದು ಒಮ್ಮೆ ಕಟ್ಟಿದೊಡನೆ ಮುಗಿಯುವ ಕಾರ್ಯವಲ್ಲ. ಗೋಡೆಯ ಸುಣ್ಣ ಉದುರುತ್ತದೆ; ಮಳೆಗಾಲದಲ್ಲಿ ಮರದ ಕದ ಉಬ್ಬಿ ಚೌಕಟ್ಟಿಗೆ ತಾಗುತ್ತದೆ; ಹೆಂಚು ಒಡೆದು ಮಾಡು ಸೋರುತ್ತದೆ. ಇವನ್ನೆಲ್ಲ ನಾವೇ ಸರಿಪಡಿಸಿಕೊಳ್ಳಬೇಕೆ, ಕಸುಬುದಾರರನ್ನು ಕರೆಯಬೇಕೆ? ಎಲ್ಲವನ್ನೂ ಕೂಲಿಗೆ ಒಪ್ಪಿಸುವವನು ಪರಾಧೀನನಾಗುತ್ತಾನೆ. ಎಲ್ಲಕ್ಕೂ ತಾನೇ ಕೈಹಾಕುವವನು ಅಪಾಯವನ್ನು ತಂದುಕೊಳ್ಳುತ್ತಾನೆ. ಇವೆರಡರ ನಡುವೆ ಗೆರೆಯೆಳೆಯುವುದಕ್ಕೆ ವಿವೇಕ ಬೇಕು. ಕೆಲಸ ಕೆಟ್ಟರೆ ನಷ್ಟವೇನು ಎಂಬ ಪ್ರಶ್ನೆಯೇ ಆ ವಿವೇಕದ ಮೊದಲ ಮೆಟ್ಟಿಲು.

ಗೋಡೆಗೆ ಸುಣ್ಣ ಬಳಿಯುವುದನ್ನು ನೋಡೋಣ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದೊಡನೆ ಅದು ಕೊತಕೊತನೆ ಕುದಿಯುತ್ತದೆ. ಆಗ ದೂರ ನಿಂತು ಕಣ್ಣುಗಳನ್ನು ಕಾಪಾಡಿಕೊಳ್ಳಬೇಕು. ಸುಣ್ಣ ಅರಳಿ ತಣಿದ ಬಳಿಕ ಅದನ್ನು ಸೋಸಿ, ತೆಳ್ಳಗೆ ಕದಡಿ ಬಳಿಯುತ್ತಾರೆ. ಬಳಿದ ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಗಟ್ಟಿಯಾಗುತ್ತದೆ. ಎಚ್ಚರವಿದ್ದರೆ ಈ ಕೆಲಸವನ್ನು ಮನೆಯವರೇ ಮಾಡಬಹುದು. ಗೋಡೆಯ ಮೇಲೆ ಕಲೆಯುಳಿದರೆ ಇನ್ನೊಮ್ಮೆ ಬಳಿದರಾಯಿತು.

ವಿದ್ಯುತ್ತಿನ ಮಾತು ಬೇರೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ವಿದ್ಯುತ್ತು ಒಂದೇ ತಪ್ಪಿಗೆ ಪ್ರಾಣ ತೆಗೆಯಬಲ್ಲದು. ಆದುದರಿಂದಲೇ 1956ರ ಭಾರತೀಯ ವಿದ್ಯುತ್ ನಿಯಮಗಳು ಇಲ್ಲೊಂದು ಗೆರೆಯನ್ನೆಳೆದವು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂತಹ ಸಣ್ಣ ಕೆಲಸಗಳ ಹೊರತು ಉಳಿದುದೆಲ್ಲವೂ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ನಡೆಯಬೇಕೆಂದು ವಿಧಿಸಿದವು. ಅವುಗಳ ಸ್ಥಾನದಲ್ಲಿ ಬಂದಿರುವ ಇಂದಿನ ನಿಯಮಗಳಲ್ಲಿಯೂ ಆ ಗೆರೆ ಉಳಿದಿದೆ.

ಸ್ವಂತ ದುಡಿಮೆ ಮತ್ತು ಕಸುಬುದಾರನ ನೈಪುಣ್ಯ ಎರಡೂ ಒಂದುಗೂಡಿದ ಉದಾಹರಣೆಯೊಂದು ಗಾಂಧೀಜಿಯವರ ಬಾಳಿನಲ್ಲಿದೆ. 1910ರಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬಳಿ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ಟಾಲ್‌ಸ್ಟಾಯ್ ಫಾರಂ ಆರಂಭವಾಯಿತು. ಅಲ್ಲಿ ವಸತಿಗಳನ್ನು ಕಟ್ಟಬೇಕಾಗಿತ್ತು. ಗಾಂಧೀಜಿಯವರ ಮಿತ್ರರೂ ವಾಸ್ತುಶಿಲ್ಪಿಯೂ ಆಗಿದ್ದ ಹರ್ಮನ್ ಕಲ್ಲೆನ್‌ಬಾಕ್ ಅವರು ನುರಿತ ಗಾರೆಯವನೊಬ್ಬನನ್ನು ಕರೆತಂದರು. ಗುಜರಾತಿ ಬಡಗಿಯೊಬ್ಬರು ಕೂಲಿ ಪಡೆಯದೆ ದುಡಿದರು. ಉಳಿದ ದುಡಿಮೆಯನ್ನು ಅಲ್ಲಿನ ನಿವಾಸಿಗಳೇ ಹೊತ್ತರು. ಮುಂದೆ ಕಲ್ಲೆನ್‌ಬಾಕ್ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದು ಗಾಂಧೀಜಿಗೂ ಕಲಿಸಿದರು. ಸ್ವಾವಲಂಬನೆಯನ್ನು ವ್ರತವಾಗಿ ಹಿಡಿದವರಿಗೂ ಬಲ್ಲವರ ನೆರವನ್ನು ಪಡೆಯುವುದು ಹೀನವೆನಿಸಲಿಲ್ಲ.

ಕೈಗೆಲಸದಿಂದ ಹಣ ಉಳಿಯುವುದು ನಿಜ. ಅದಕ್ಕಿಂತ ಹಿರಿದಾದ ಲಾಭ ಇನ್ನೊಂದಿದೆ. ಒಮ್ಮೆಯಾದರೂ ಉಳಿ ಹಿಡಿದು ಮರವನ್ನು ಕೆತ್ತಿದವನಿಗೆ ಬಡಗಿಯ ಒಂದು ದಿನದ ದುಡಿಮೆಯ ಬೆಲೆ ತಿಳಿಯುತ್ತದೆ. ಕರಣೆ ಹಿಡಿದು ಗಿಲಾವು ಮಾಡಲು ಹೊರಟವನಿಗೆ ಗಾರೆಯವನ ನೇರಗೋಡೆಯ ಹಿಂದಿರುವ ವರ್ಷಗಳ ಸಾಧನೆ ಕಾಣುತ್ತದೆ. ಅಂತಹವನು ನ್ಯಾಯವಾದ ಕೂಲಿಗೆ ಚೌಕಾಸಿ ಮಾಡಲಾರ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯ ಮರ್ಮವು ಮಡಕೆ ಮಾಡಲು ಹೋಗಿ ಕೈ ಕೆಸರು ಮಾಡಿಕೊಂಡವನಿಗೇ ಚೆನ್ನಾಗಿ ತಿಳಿದೀತು.