ಗುಣವಾದದ್ದು ಆ ಔಷಧದಿಂದಲೇ?

ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂತೆನ್ನಿ. ಸುದ್ದಿ ಹರಡಿದ ಅರ್ಧ ದಿನದೊಳಗೆ ನಾಲ್ಕು ಜನ ಬಂದು ನಾಲ್ಕು ಊರಿನ ಹೆಸರು ಹೇಳುತ್ತಾರೆ. ಒಂದೂರಿನಲ್ಲಿ ಬೆಳಿಗ್ಗೆ ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿಸುತ್ತಾರೆ, ಇನ್ನೊಂದೂರಿನಲ್ಲಿ ಕೈಗೆ ಬರೆ ಹಾಕುತ್ತಾರೆ, ಮತ್ತೊಂದು ಕಡೆ ಮೂಗಿಗೆ ಹನಿ ಬಿಡುತ್ತಾರೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. “ನಮ್ಮ ಭಾವನಿಗೆ ಅಲ್ಲಿಯ ಔಷಧದಿಂದಲೇ ಇಳಿಯಿತು” ಎಂದರೆ, ಇಳಿದದ್ದು ನಿಜ. ಇಳಿಸಿದ್ದು ಯಾವುದು ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಮನಸ್ಸು ಈ ಎರಡನೆಯ ಪ್ರಶ್ನೆಯನ್ನು ತಾನಾಗಿ ಕೇಳಿಕೊಳ್ಳುವುದಿಲ್ಲ.

ಇದು ಬುದ್ಧಿ ಕಡಿಮೆಯಿರುವವರ ದೋಷವಲ್ಲ. ಓದಿದವರು, ಓದದವರು, ವೈದ್ಯರು, ಎಲ್ಲರ ಮಿದುಳೂ ಹೀಗೆಯೇ. ಸಿಕ್ಕಿದಷ್ಟು ಮಾಹಿತಿಯಿಂದ ಬೇಗ ತೀರ್ಮಾನಕ್ಕೆ ಬರಲು ಅದು ಕೆಲವು ಅಡ್ಡದಾರಿಗಳನ್ನು ಹಿಡಿಯುತ್ತದೆ. ಬಹಳ ಸಲ ಅವು ಸರಿಯಾದ ಜಾಗಕ್ಕೇ ಮುಟ್ಟಿಸುತ್ತವೆ. ಕೆಲವು ಸಲ ದಾರಿ ತಪ್ಪಿಸುತ್ತವೆ, ಅದೂ ಪ್ರತಿ ಸಲ ಒಂದೇ ದಿಕ್ಕಿಗೆ. ತಕ್ಕಡಿಯ ಒಂದು ತಟ್ಟೆ ತುಸು ಭಾರವಿದ್ದರೆ ಎಲ್ಲ ತೂಕವೂ ಒಂದೇ ಕಡೆಗೆ ತಪ್ಪುವುದಿಲ್ಲವೇ, ಹಾಗೆ. ಇದನ್ನು ‘ಕಾಗ್ನಿಟಿವ್ ಬಯಾಸ್’ ಎನ್ನುತ್ತಾರೆ. ಕನ್ನಡದಲ್ಲಿ ‘ಆಲೋಚನೆಯ ಓರೆ’ ಎನ್ನಬಹುದು. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು ಈ ಬಗ್ಗೆ 1974ರಲ್ಲಿ ಬರೆದ ಪ್ರಬಂಧ ಹೆಸರುವಾಸಿ. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವೂ ಬಂತು.

ಕಾಮಾಲೆಗೆ ಮರಳೋಣ. ಕಾಮಾಲೆ ಒಂದು ರೋಗವಲ್ಲ, ರೋಗದ ಚಿಹ್ನೆ. ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಹೆಚ್ಚಾದಾಗ ಕಣ್ಣು, ಚರ್ಮ ಹಳದಿಯಾಗುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳಲ್ಲಿ ಒಂದು, ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ಹೆಪಟೈಟಿಸ್ ಎ ವೈರಸ್. ಮೊದಲು ಜ್ವರ, ಸುಸ್ತು, ವಾಕರಿಕೆ, ಊಟ ಕಂಡರಾಗದು. ಕೆಲವು ದಿನಗಳ ಮೇಲೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರವೂ ವಾಕರಿಕೆಯೂ ಸಾಮಾನ್ಯವಾಗಿ ಇಳಿಮುಖವಾಗಿರುತ್ತವೆ. ಮನೆಯವರು ಗಾಬರಿಯಾಗಿ ಔಷಧಕ್ಕೆ ಓಡುವುದು ಅದೇ ಹೊತ್ತಿಗೆ! ರಸ ಕುಡಿದ ಮೂರು-ನಾಲ್ಕು ದಿನಕ್ಕೆ ರೋಗಿ “ಹಸಿವು” ಎನ್ನುತ್ತಾನೆ. ಕೆಲವು ವಾರಗಳಲ್ಲಿ ಹಳದಿಯೂ ಹೋಗುತ್ತದೆ. ಏನನ್ನೂ ಕುಡಿಯದ ಬಹುಪಾಲು ಜನರಿಗೂ ಹೀಗೆಯೇ ಹೋಗುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾವು ನಗುತ್ತೇವೆ. ರೋಗದ ವಿಷಯದಲ್ಲಿ ಮಾತ್ರ ಕಾಗೆಗೆ ದಕ್ಷಿಣೆ ಕೊಟ್ಟು ಬರುತ್ತೇವೆ.

ಒಂದು ಔಷಧ ಕೆಲಸ ಮಾಡಿತೇ ಎಂದು ತಿಳಿಯಲು ನಾಲ್ಕು ಲೆಕ್ಕ ಬೇಕು. ಔಷಧ ಕುಡಿದು ಗುಣವಾದವರೆಷ್ಟು, ಕುಡಿದೂ ಗುಣವಾಗದವರೆಷ್ಟು, ಕುಡಿಯದೆ ಗುಣವಾದವರೆಷ್ಟು, ಕುಡಿಯದೆ ಗುಣವಾಗದವರೆಷ್ಟು? ನಮ್ಮ ಕಿವಿಗೆ ಬೀಳುವುದು ಮೊದಲನೆಯದು ಮಾತ್ರ. ಎರಡನೆಯ ಗುಂಪಿನವರು ಸುಮ್ಮನಿರುತ್ತಾರೆ, ಇಲ್ಲವೇ ಹೇಳಲು ಉಳಿದೇ ಇರುವುದಿಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ 1620ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಹಳೆಯ ಕಥೆ ಬರುತ್ತದೆ. ಹಡಗು ಮುಳುಗುವಾಗ ಹರಕೆ ಹೊತ್ತು ಬದುಕಿ ಬಂದವರ ಚಿತ್ರಗಳನ್ನು ಗುಡಿಯಲ್ಲಿ ತೂಗುಹಾಕಿದ್ದರಂತೆ. ಅವನ್ನು ತೋರಿಸಿ, ಈಗಲಾದರೂ ನಂಬುತ್ತೀಯಾ ಎಂದರೆ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಒಬ್ಬ ಕೇಳಿದನಂತೆ.

ನಾಟಿ ವೈದ್ಯರನ್ನಷ್ಟೇ ದೂರುವುದು ಸರಿಯಲ್ಲ. ಯುರೋಪಿನ ವೈದ್ಯರು ಎರಡು ಸಾವಿರ ವರ್ಷ ಕಾಲ ಹಲವು ಕಾಯಿಲೆಗಳಿಗೆ ರೋಗಿಯ ರಕ್ತ ಹೊರಹರಿಸುವುದನ್ನೇ ಚಿಕಿತ್ಸೆ ಎಂದು ನಂಬಿದ್ದರು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರಿನಲ್ಲಿ ಗಂಟಲಿನ ಕಾಯಿಲೆಯಿಂದ ತೀರಿಕೊಂಡ ದಿನ ಅವರ ಮೈಯಿಂದ ಹಲವು ಸಲ ರಕ್ತ ತೆಗೆದಿದ್ದರು. ಗುಣವಾದವರು ರಕ್ತ ತೆಗೆದದ್ದರಿಂದ ಬದುಕಿದರು, ಸತ್ತವರು ರೋಗ ಬಲಿತಿದ್ದರಿಂದ ಸತ್ತರು. ಹೀಗೆ ಯೋಚಿಸಿದರೆ ಯಾವ ಚಿಕಿತ್ಸೆಯೂ ಸೋಲುವುದಿಲ್ಲ. ಕೊನೆಗೆ ಪ್ಯಾರಿಸ್ಸಿನ ಪಿಯರ್ ಲೂಯಿ ಎಂಬ ವೈದ್ಯರು ಎಣಿಸಲು ಕೂತರು. 77 ಮಂದಿ ನ್ಯುಮೋನಿಯಾ ರೋಗಿಗಳ ವಿವರವನ್ನು 1835ರ ಪುಸ್ತಕದಲ್ಲಿ ಕೊಟ್ಟರು. ರೋಗದ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡ 41 ಜನರಲ್ಲಿ 18 ಮಂದಿ ಸತ್ತಿದ್ದರು. ತಡವಾಗಿ ತೆಗೆಸಿಕೊಂಡ 36 ಜನರಲ್ಲಿ 9 ಮಂದಿ. ರಕ್ತ ತೆಗೆಯುವ ಪದ್ಧತಿ ಅಷ್ಟರಿಂದಲೇ ನಿಲ್ಲಲಿಲ್ಲ, ಆದರೆ ಎಣಿಸಿ ನೋಡುವ ಪದ್ಧತಿ ವೈದ್ಯಕೀಯಕ್ಕೆ ಬಂತು. ಇಂದಿಗೂ ನೆಗಡಿಗೆ ಆ್ಯಂಟಿಬಯೋಟಿಕ್ ನುಂಗಿ ವಾರದಲ್ಲಿ ಗುಣವಾಯಿತೆನ್ನುವವರಿದ್ದಾರೆ. ನೆಗಡಿ ತರುವ ವೈರಸ್ಸಿಗೆ ಆ ಮಾತ್ರೆ ತಾಗುವುದೇ ಇಲ್ಲ.

ನಮ್ಮ ನಂಬಿಕೆಗೆ ಒಪ್ಪುವುದನ್ನಷ್ಟೇ ಮನಸ್ಸು ಹೇಗೆ ಹುಡುಕುತ್ತದೆ ಎಂಬುದನ್ನು ಮನೆಯಲ್ಲೇ ನೋಡಬಹುದು. ಇದು ಲಂಡನ್ನಿನ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ ಪ್ರಯೋಗ. ಮಕ್ಕಳಿಗೆ 2, 4, 6 ಎಂದು ಹೇಳಿ. “ಈ ಮೂರು ಸಂಖ್ಯೆಗಳು ಒಂದು ನಿಯಮಕ್ಕೆ ಸರಿಹೊಂದುತ್ತವೆ, ಆ ನಿಯಮ ಕಂಡುಹಿಡಿಯಿರಿ. ನೀವು ಬೇರೆ ಮೂರು ಸಂಖ್ಯೆ ಹೇಳಿದರೆ, ಹೊಂದುತ್ತದೋ ಇಲ್ಲವೋ ಹೇಳುತ್ತೇನೆ” ಎನ್ನಿ. 8, 10, 12 ಎನ್ನುತ್ತಾರೆ. ಹೌದು. 20, 22, 24. ಹೌದು. ಎರಡೆರಡು ಕೂಡಿಸುವುದೇ ನಿಯಮವೆಂದು ಗೆದ್ದ ಮುಖ ಮಾಡುತ್ತಾರೆ. ನಿಜವಾದ ನಿಯಮ, ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯಾದರೂ ಸರಿ. 1, 2, 50 ಕೂಡ ನಡೆಯುತ್ತಿತ್ತು. ತನ್ನ ಊಹೆ ತಪ್ಪಾಗಬಹುದಾದ ಸಂಖ್ಯೆಯನ್ನು ಕೇಳಲು ಹೆಚ್ಚಿನವರಿಗೆ ತೋಚುವುದೇ ಇಲ್ಲ. ದೊಡ್ಡವರಿಗೂ ತೋಚುವುದಿಲ್ಲ, ಆಡಿಸಿ ನೋಡಿ.

ಹಾಗಾಗಿ ಯಾರಾದರೂ ಔಷಧ ಹೇಳಿದಾಗ “ಯಾರಿಗೆ ಗುಣವಾಯಿತು?” ಎಂದು ಕೇಳಬೇಡಿ, ಅದಕ್ಕೆ ಉತ್ತರ ಸಿದ್ಧವಾಗಿರುತ್ತದೆ. “ಅಲ್ಲಿಗೆ ಹೋಗಿಯೂ ಗುಣವಾಗದವರು ಯಾರು? ಅವರಿಗೆ ಏನಾಯಿತು?” ಎಂದು ಕೇಳಿ. ಏಕೆಂದರೆ ಎಲ್ಲ ಕಾಮಾಲೆಯೂ ತಾನಾಗಿ ಇಳಿಯುವುದಲ್ಲ. ಪಿತ್ತನಾಳಕ್ಕೆ ಕಲ್ಲು ಅಥವಾ ಗೆಡ್ಡೆ ಅಡ್ಡವಾದರೂ ಕಣ್ಣು ಹಳದಿಯಾಗುತ್ತದೆ, ಇಲಿಜ್ವರದಲ್ಲೂ ಆಗುತ್ತದೆ. ಹೆಪಟೈಟಿಸ್ ಬಿ ಕೆಲವರಲ್ಲಿ ಒಳಗೇ ಉಳಿದು ವರ್ಷಗಳ ಮೇಲೆ ಲಿವರನ್ನು ಕೆಡಿಸುತ್ತದೆ. ನೀರಿನಿಂದಲೇ ಹರಡುವ ಹೆಪಟೈಟಿಸ್ ಇ, ತುಂಬು ಗರ್ಭಿಣಿಯರ ಜೀವಕ್ಕೇ ಅಪಾಯ ತರಬಲ್ಲದು. ಹೊರಗೆ ಕಾಣುವ ಬಣ್ಣ ಎಲ್ಲದರಲ್ಲೂ ಒಂದೇ. ರಕ್ತ ಪರೀಕ್ಷೆ ಮಾಡಿಸದೆ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲಾಗದು.

ಕಣ್ಣು ಹಳದಿ ಕಂಡ ದಿನವೇ ವೈದ್ಯರಲ್ಲಿಗೆ ಹೋಗಿ, ಜ್ವರ ಯಾವ ತಾರೀಖಿಗೆ ಶುರುವಾಯಿತೆಂದು ಬರೆದುಕೊಂಡು ಹೋಗಿ. ರೋಗಿ ಹಗಲೆಲ್ಲ ಮಂಪರಿನಲ್ಲಿದ್ದು ರಾತ್ರಿ ಎಚ್ಚರವಿದ್ದರೆ, ಅಸಂಬದ್ಧ ಮಾತನಾಡಿದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಸೇರಿಸಿ. ಗರ್ಭಿಣಿಯರಲ್ಲಿ, ಹಸುಗೂಸುಗಳಲ್ಲಿ ಇಷ್ಟಕ್ಕೂ ಕಾಯಬೇಡಿ. ಅದಾಗಲೇ ಯಾವುದಾದರೂ ರಸ, ಪುಡಿ ಕುಡಿಸಿದ್ದರೆ ಸಂಕೋಚಪಟ್ಟು ಮುಚ್ಚಿಡದೆ ವೈದ್ಯರಿಗೆ ಹೇಳಿ. ಕೆಲವು ಗಿಡಮೂಲಿಕೆಗಳು, ಹಾಗೆಯೇ ಅಂಗಡಿಯಲ್ಲಿ ಸಿಗುವ ಕೆಲವು ಜ್ವರದ ಮಾತ್ರೆಗಳು ಮೊದಲೇ ಬಳಲಿದ ಲಿವರಿಗೆ ಇನ್ನಷ್ಟು ಪೆಟ್ಟು ಕೊಡುತ್ತವೆ.